ಲೆಕ್ಕಕ್ಕೆ ಬಾರದ ತಪ್ಪು

ನಾನು ಈ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ಒಂದು ಲಕೋಟೆಯೊಳಗೆ ಬರೆದಿಟ್ಟಿದ್ದಾರೆ. ಲಕೋಟೆ ನಮ್ಮ ನಿರ್ದೇಶಕಿಯ ಕಬ್ಬಿಣದ ಕಪಾಟಿನಲ್ಲಿದೆ. ಮೂರು ತಿಂಗಳಿಗೊಮ್ಮೆ ನನ್ನನ್ನು ಕೂರಿಸಿ, ತಲೆಗೆ ಟೋಪಿ ಹಾಕಿ, 'ಮುಂದಿನ ತೊಂಬತ್ತು ದಿನದಲ್ಲಿ ಈ ಹೆಂಗಸು ಗುಟ್ಟು ಬಿಡುವಳೇ?' ಎಂದು ಯಂತ್ರವನ್ನು ಕೇಳುತ್ತಾರೆ. ಒಂಬತ್ತು ವರ್ಷದಿಂದಲೂ ಅದು 'ಇಲ್ಲ' ಎನ್ನುತ್ತಲೇ ಇದೆ. ಉತ್ತರವನ್ನು ನನಗೆ ತೋರಿಸುವುದಿಲ್ಲ, ಆದರೆ ಒಮ್ಮೆ 'ಹೌದು' ಎಂದಿದ್ದರೂ ನನ್ನ ನೌಕರಿ ಅವತ್ತೇ ಹೋಗುತ್ತಿತ್ತು.

ನಾನು ತಬಿಥಾ ಕೊಣ್ಣೂರ, ವಯಸ್ಸು ನಲವತ್ತೇಳು, ಹುಬ್ಬಳ್ಳಿಯ ಅಂಗಾಂಗ ನಿರ್ಣಯ ಕೇಂದ್ರದಲ್ಲಿ ಯಂತ್ರ ನಡೆಸುವವಳು. ಯಂತ್ರಕ್ಕೆ ಉದ್ದನೆಯ ಹೆಸರೊಂದಿದೆ, ಯಾರೂ ಬಳಸುವುದಿಲ್ಲ. ಊರೆಲ್ಲ ಅದನ್ನು ಡಬ್ಬಿ ಎನ್ನುತ್ತದೆ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಚೌಕಾಸಿ ಮಾಡುವಾಗಲೂ 'ನೀ ಎಷ್ಟಕ್ಕ ತಗೋತಿ ಅಂತ ಡಬ್ಬಿಗೆ ಗೊತ್ತೈತಿ ಬಿಡವಾ' ಎನ್ನುವಷ್ಟು ಬಳಕೆಯಾಗಿಬಿಟ್ಟಿದೆ.

ಡಬ್ಬಿ ಮಾಡುವುದು ಇಷ್ಟೆ. ಟೋಪಿಯಲ್ಲಿರುವ ಐನೂರು ಚುಕ್ಕಿ ಸಂವೇದಕಗಳು ಆರು ಗಂಟೆ ಮಿದುಳನ್ನು ಓದುತ್ತವೆ. ಜೊತೆಗೆ ಹತ್ತು ವರ್ಷದ ಫೋನು, ಓಡಾಟ, ಆಸ್ಪತ್ರೆ, ಅಂಗಡಿ ಎಲ್ಲ ದಾಖಲೆಗಳನ್ನೂ ಸೇರಿಸಿ ಆ ಮನುಷ್ಯನದೇ ಒಂದು ನೆರಳನ್ನು ಕಂಪ್ಯೂಟರಿನೊಳಗೆ ಕಟ್ಟುತ್ತದೆ. ಆ ನೆರಳನ್ನು ಮುಂದಿನ ತೊಂಬತ್ತು ದಿನಗಳಲ್ಲಿ ಹತ್ತು ಸಾವಿರ ಸಲ ಓಡಾಡಿಸುತ್ತದೆ. ಒಂದು ಸಲ ಮಳೆ, ಒಂದು ಸಲ ಹೆಂಡತಿಯ ಜೊತೆ ಜಗಳ, ಒಂದು ಸಲ ಹಳೆಯ ಗೆಳೆಯನ ಭೇಟಿ. ಹೆಚ್ಚಿನ ಸಲ ನೆರಳು ಏನು ಮಾಡುತ್ತದೋ ಅದೇ ಉತ್ತರ. ನೂರಕ್ಕೆ ತೊಂಬತ್ತೆಂಟು ಸಲ ಸರಿ. ಷರತ್ತು ಒಂದೇ: ಉತ್ತರವನ್ನು ಆ ಮನುಷ್ಯನಿಗೆ ಹೇಳಕೂಡದು. ಹೇಳಿದರೆ ಅವನು ಬೇರೆ ಮನುಷ್ಯನಾಗುತ್ತಾನೆ, ಲೆಕ್ಕ ಕೆಡುತ್ತದೆ. ಯಾರಾದರೂ ಸೂಚನೆ ಕೊಟ್ಟರೂ ಅವನ ಕಡತವನ್ನು ಶಾಶ್ವತವಾಗಿ ಮುಚ್ಚುತ್ತಾರೆ.

ಕುಡಿತದಿಂದ ಲಿವರ್ ಕೆಟ್ಟವರಿಗೆ ಹೊಸ ಲಿವರ್ ಕೊಡುವ ಮೊದಲು ಹಿಂದೆಲ್ಲ ಆರು ತಿಂಗಳು ಕುಡಿಯದೆ ಇದ್ದು ತೋರಿಸಬೇಕಿತ್ತು. ಈಗ ಡಬ್ಬಿಯನ್ನು ಕೇಳುತ್ತಾರೆ. 'ಮತ್ತೆ ಕುಡಿಯುತ್ತಾನೆ' ಎಂದು ಬಂದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೋಗಿದೆ ಎಂದು ರೋಗಿಗೆ ತಿಳಿಸುವಂತಿಲ್ಲ, ತಿಳಿಸಿದರೆ ಡಬ್ಬಿ ಹೇಳಿದ್ದನ್ನೇ ತಿಳಿಸಿದ ಹಾಗಾಯಿತಲ್ಲ! ಅವನು ತೊಂಬತ್ತು ದಿನವೂ ಫೋನು ಬರುತ್ತದೆಂದು ಕಾಯುತ್ತ ಕೂತಿರುತ್ತಾನೆ.

*

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸದ ದಿನಗಳು ಶುರುವಾಗಿ ಐದು ದಿನವಾಗಿತ್ತು. ಆ ಸೋಮವಾರ ನನ್ನ ಪರದೆಯ ಮೇಲೆ ಬಂದದ್ದು ನಂಬರ್ 4417. ರೋಗಿಗಳು ಬೇರೆ ಕೋಣೆಯಲ್ಲಿರುತ್ತಾರೆ, ನಮಗೆ ಹೆಸರು, ಮುಖ ಯಾವುದೂ ಇಲ್ಲ, ನಂಬರು ಮಾತ್ರ. ಆದರೆ ಕೋಣೆಯ ಸದ್ದು ನನಗೆ ಬರುತ್ತದೆ. ಕೆಮ್ಮು, ಫ್ಯಾನು, ಗೊಣಗಾಟ, ಎಲ್ಲವನ್ನೂ ಮಿದುಳಿನ ಅಲೆಗಳಿಂದ ಸೋಸಿ ತೆಗೆಯುವುದು ನನ್ನ ಕೆಲಸ.

4417 ಗುನುಗುತ್ತಿತ್ತು. ಮೊದಲು ನನಗೆ ಸಿಟ್ಟು ಬಂತು, ಸೋಸುವ ಕೆಲಸ ಎರಡರಷ್ಟಾಗುತ್ತದೆ. ಆಮೇಲೆ ಗುನುಗು ಫಕ್ಕನೆ ನಿಂತಿತು. ಸರಿಯಾಗಿ ಎಂಟು ಎಣಿಕೆ ಮೌನ. ಮತ್ತೆ ಶುರುವಾಯಿತು. ರಾಗವೇ ಅಲ್ಲದ ರಾಗ, ಏರುವಲ್ಲಿ ಏರದೆ ಒಂದೇ ಸ್ವರದ ಮೇಲೆ ಕೂತಿರುವಂಥದ್ದು. ನನ್ನ ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು.

ಯಾವ ಮನುಷ್ಯನೂ ಒಬ್ಬನೇ ಕೂತಾಗ ಕೀರ್ತನೆಯ ಟೆನರ್ ಸಾಲನ್ನು, ಗಂಡಸರು ಮುಖ್ಯ ರಾಗದ ಕೆಳಗೆ ಹಿಡಿಯುವ ಜೊತೆದನಿಯನ್ನು, ಗುನುಗುವುದಿಲ್ಲ. ಎಲ್ಲರೂ ಗುನುಗುವುದು ಮೇಲಿನ ರಾಗವನ್ನು. ಟೆನರಿನವರು ಬಾಯಿ ಮುಚ್ಚುವ ಎರಡು ಆವರ್ತವನ್ನು ಎಣಿಸಿ, ಸುಮ್ಮನಿದ್ದು, ಮತ್ತೆ ಹಿಡಿದುಕೊಳ್ಳುವ ಪ್ರಾಣಿ ಈ ಭೂಮಿಯ ಮೇಲೆ ಒಂದೇ. ಅವನು ನನ್ನ ತಮ್ಮ ಆಮೋಸ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಮ್ಮ ಚರ್ಚಿನ ಸಭೆಯ ಗಾಯನ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಟೆನರ್. ಹದಿನೈದು ವರ್ಷ ಕುಡಿದು ಕುಡಿದು ಲಿವರನ್ನು ಹಾಳು ಮಾಡಿಕೊಂಡವನು, ಹದಿನಾಲ್ಕು ತಿಂಗಳಿಂದ ಒಂದು ಹನಿ ಮುಟ್ಟದವನು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು, ಇವನು ನನ್ನ ತಮ್ಮ, ಬೇರೆಯವರಿಗೆ ಕೊಡಿ ಅಂತ. ಹೇಳಲಿಲ್ಲ. ಉತ್ತರ ನೋಡುವ ಆಸೆ.

ಸಂಜೆ ಉತ್ತರ ಬಂತು. 'ಮದ್ಯವನ್ನು ತುಟಿಗೆ ತಾಗಿಸುವ ನಿರ್ಧಾರ: ಹೌದು. ನಲವತ್ತೊಂದನೆಯ ದಿನ. ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು.'

ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ನಲವತ್ತೊಂದನೆಯ ದಿನ ಈಸ್ಟರ್. ಎಲಾ ಇವನ! ಈಸ್ಟರಿನ ದಿನ, ಆರಾಧನೆಯ ಹೊತ್ತಿನಲ್ಲಿ! ನನಗೆ ದುಃಖ ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಸ್ವೀಕಾರದ ಗುಂಡಿ ಒತ್ತಿದೆ. ಮರುದಿನ ಬೆಳಿಗ್ಗೆ 4417 ಪಟ್ಟಿಯಿಂದ ಹೋಯಿತು.

*

ಗುಂಡಿ ಒತ್ತಿದ ಸಂಜೆಯೇ ಅವನ ಮನೆಗೆ ಹೋದೆ. ನಮ್ಮದು ಒಂದೇ ಕಂಪೌಂಡು, ನಡುವೆ ಒಂದು ಬೇವಿನ ಮರ. ಆಮೋಸ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ನೀರು ತುಂಬಿ ಕಾಲು ಊದಿದ್ದವು, ಕಣ್ಣು ಹಳದಿ. ಅವನ ಹೆಂಡತಿ ಸುಗುಣಾ ಉಪ್ಪಿಲ್ಲದ ಗಂಜಿಯನ್ನು ಮುಂದಿಟ್ಟಳು.

"ತಬೂ, ಇವತ್ತ ನನ್ನ ತಲಿಗೆ ಟೊಪಗಿ ಹಾಕಿದ್ರು ನೋಡ. ಆರ್ ತಾಸು ಕುಂದರಿಸಿದ್ರು. ಸಾಕಾಗಿ ಹೋತು."

"ಏನ್ ಮಾಡಿದಿ ಆರ್ ತಾಸು?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಹಾಡ್ಕೋತ ಕುಂತಿದ್ನಿ. ಈಸ್ಟರಿಗೆ ಹೊಸಾ ಹಾಡು ಐತಲ್ಲ, ಟೆನರ್ ಭಾಳ ಬಿಗಿ ಐತಿ." ಗಂಜಿಯ ಬಟ್ಟಲು ಎತ್ತಿಕೊಂಡು ನಕ್ಕ. "ನೀ ಏನೂ ಹೇಳೂಹಂಗಿಲ್ಲ ಅಂತ ಗೊತ್ತೈತಿ. ನಾ ಕೇಳೂದೂ ಇಲ್ಲ. ನಿಮ್ಮ ಡಬ್ಬಿಗೆ ಇಷ್ಟ ಹೇಳ, ಆಮೋಸ ಈ ಸಲ ಖರೇನ ಬಿಟ್ಟಾನ ಅಂತ."

ಸುಗುಣಾ ನನ್ನ ಮುಖ ನೋಡಿದಳು. ನಾನು ಬೇವಿನ ಮರ ನೋಡಿದೆ. ಸುಳ್ಳ, ಕಳ್ಳ, ಇನ್ನೂ ನಾಟಕ ಆಡುತ್ತೀಯಲ್ಲ ಎಂದು ಮನಸ್ಸಿನಲ್ಲೇ ಬೈದೆ. ಬೈದದ್ದು ಅವನಿಗೆ ಕೇಳಿಸದಿದ್ದುದು ನನ್ನ ಪುಣ್ಯ.

*

ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಅಯ್ಯನವರ ಹತ್ತಿರ ಹೋದೆ. ನಮ್ಮ ಸಭಾಪಾಲಕರು, ರೆವರೆಂಡ್ ಗಿಡಿಯೋನ್ ಹಂಸಭಾವಿ. ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟು ಯಾರ ಮನಸ್ಸನ್ನೂ ನೋಯಿಸಲಾರರು.

"ಅಯ್ಯನವರ, ಒಬ್ಬ ಮನುಷ್ಯಾ ಪಾಪ ಮಾಡ್ತಾನಂತ ದೇವರಿಗೆ ಮೊದಲ ಗೊತ್ತಿರತೈತಿ. ದೇವರು ತಿಳದದ್ದು ಸುಳ್ಳಾಗೂದಿಲ್ಲ. ಹಂಗಾರ ಅಂವಾ ಮಾಡದ ಇರಾಕ ಬರತೈತೇನ್ರಿ?"

ಅವರು ಕನ್ನಡಕ ಒರೆಸಿಕೊಂಡರು. "ಎರಡೂ ಖರೇನ ತಬಿಥಾ. ದೇವರು ಮೊದಲ ನೇಮಿಸಿದ್ದೂ ಖರೇ, ನಾವು ಆರಿಸಿಕೊಳ್ಳೂದೂ ಖರೇ."

"ಎರಡೂ ಖರೇ ಅಂದ್ರ ಹೆಂಗ್ರಿ? ಬಾಗಲಾ ಹಾಕೇತೂ ಖರೇ, ತಗದೇತೂ ಖರೇ ಅಂದಂಗಾತು."

"ನಿಮ್ಮ ಆಮೋಸನ್ನ ನೋಡು. ಟೆನರ್ ಸ್ವರಾ ಮೊದಲ ಬರದಿರತಾವ. ಆದ್ರೂ ಅಂವಾ ಬಾಯಿ ತಗದ ಹೊರತು ಹಾಡಿಲ್ಲ. ಬರದಾಂವ ಬ್ಯಾರೆ, ಹಾಡಾಂವ ಬ್ಯಾರೆ."

"ತಪ್ಪಾಗಿ ಹಾಡ್ತಾನಂತ ಬರದಿದ್ರ?"

ಅಯ್ಯನವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ನಿನೆವೆ ಪಟ್ಟಣದ ಕಥೆಗೆ ಹೋದರು. ನಲವತ್ತು ದಿನದಲ್ಲಿ ನಾಶವಾಗುತ್ತೀರಿ ಎಂದು ಯೋನ ಸಾರಿದ, ಜನ ತಿರುಗಿಕೊಂಡರು, ನಾಶ ತಪ್ಪಿತು. ಹಾಗಾದರೆ ಹೇಳಿದರೆ ತಪ್ಪುತ್ತದೆ ಅಂತಾಯಿತಲ್ಲ ಎಂದೆ. ತಲೆಯಾಡಿಸಿ ಕರ್ತನ ಶಿಷ್ಯ ಪೇತ್ರನ ಕಥೆ ತೆಗೆದರು. ಕೋಳಿ ಕೂಗುವ ಮೊದಲು ಮೂರು ಸಲ ನನ್ನನ್ನು ಅರಿಯೆ ಅನ್ನುತ್ತೀ ಎಂದು ಕರ್ತನು ಮುಖದ ಮುಂದೆಯೇ ಹೇಳಿದರೂ ಅವನು ಹಾಗೆಯೇ ಅಂದ. ಹಾಗಾದರೆ ಹೇಳಿದರೂ ತಪ್ಪುವುದಿಲ್ಲ! ಇವರ ಹತ್ತಿರ ಎರಡೂ ಕಡೆಗೂ ಒಂದೊಂದು ಕಥೆ ಇದೆ. ನನಗೆ ಬೇಕಾದದ್ದು ಕಥೆಯಲ್ಲ, ನನ್ನ ತಮ್ಮ ನಿನೆವೆಯೋ ಪೇತ್ರನೋ ಅನ್ನುವುದು.

"ಆಮೋಸನ ಸಲುವಾಗಿ ಕೇಳಾಕತ್ತಿಯೇನು?" ಎಂದರು ಮೆಲ್ಲಗೆ.

"ಇಲ್ರೀ," ಎಂದೆ.

"ಅವನ ಚಿಂತಿ ಮಾಡಬ್ಯಾಡ. ಲೆಂಟ್ ಸುರು ಆದ ದಿನಾನ ಬಂದಿದ್ದ. ನಾಲ್ಕು ವರ್ಷ ಆದಮ್ಯಾಲೆ ಈಸ್ಟರ್ ಭೋಜನಕ್ಕ ಹೆಸರು ಕೊಟ್ಟಾನ. ಇಲ್ಲೇ ಕುಂತು ಅತ್ತಾ."

ನಾನು ಮತ್ತೆ ಬೆರಳು ಮಡಚಿ ದಿನ ಎಣಿಸಿದೆ.

ನಮ್ಮ ಸಭೆಯಲ್ಲಿ ಹಳೆಯ ಕಾಲದಿಂದ ಒಂದು ಪದ್ಧತಿಯಿದೆ. ಕರ್ತನ ಭೋಜನ, ಅಂದರೆ ಅವನ ನೆನಪಿಗೆ ಕೊಡುವ ರೊಟ್ಟಿ ಚೂರು ಮತ್ತು ಬಟ್ಟಲಿನ ಗುಟುಕು, ತೆಗೆದುಕೊಳ್ಳುವವರು ಮೊದಲೇ ಅಯ್ಯನವರ ಹತ್ತಿರ ಹೋಗಿ, ಮನಸ್ಸು ಬಿಚ್ಚಿ ಮಾತಾಡಿ, ಹೆಸರು ಬರೆಸಬೇಕು. ಕುಡಿತ ಮಿತಿ ಮೀರಿದ ಮೇಲೆ ಆಮೋಸ ನಾಚಿಕೆಯಿಂದ ಹೆಸರು ಕೊಡುತ್ತಿರಲಿಲ್ಲ. ಎಲ್ಲರೂ ಎದ್ದು ಬಲಿಪೀಠದ ಕಡೆ ಹೋದಾಗ ಟೆನರ್ ಸಾಲಿನಲ್ಲಿ ಒಬ್ಬನೇ ತಲೆ ತಗ್ಗಿಸಿ ಕೂತಿರುತ್ತಿದ್ದ. ಇನ್ನೊಂದು ಪದ್ಧತಿಯೂ ಇದೆ. ಬೇರೆ ಸಭೆಗಳು ಬರೀ ದ್ರಾಕ್ಷಿ ರಸ ಇಡುತ್ತವೆ, ನಮ್ಮಲ್ಲಿ ಮಾತ್ರ ಹಿರಿಯಳಾದ ರೂತವ್ವ ಕಪ್ಪು ದ್ರಾಕ್ಷಿಗೆ ಸಕ್ಕರೆ, ಗೋಧಿ ಹಾಕಿ, ಭರಣಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಡಿದ ನಿಜವಾದ ದ್ರಾಕ್ಷಾರಸ, ಅಂದರೆ ವೈನು. ಗಂಟಲಿಗೆ ಹೋದರೆ ಕಿವಿ ಬಿಸಿಯಾಗುತ್ತದೆ.

ಈಸ್ಟರ್ ಭಾನುವಾರ, ಒಂಬತ್ತರಿಂದ ಹನ್ನೊಂದು. ಡಬ್ಬಿ ಕಂಡಿದ್ದು ಕರ್ತನ ಬಟ್ಟಲನ್ನು. ನನ್ನ ತಮ್ಮ ಮತ್ತೆ ಕೆಡುವುದನ್ನಲ್ಲ, ಅವನು ತಿರುಗಿ ಬರುವುದನ್ನು ಕಂಡು ಅದು 'ಕುಡಿಯುತ್ತಾನೆ' ಎಂದು ಬರೆದಿತ್ತು. ನಾನು ಗುಂಡಿ ಒತ್ತಿದ್ದೆ.

*

ನಿರ್ದೇಶಕಿ ಡಾಕ್ಟರ್ ವಸುಂಧರಾ ಪಡಸಲಗಿ ನನ್ನ ಮಾತನ್ನೆಲ್ಲ ಕೇಳಿದರು. ಕೇಂದ್ರದ ಒಳಗೆ, ಅವರ ಮುಂದೆ ಹೇಳುವುದಕ್ಕೆ ಅಡ್ಡಿಯಿಲ್ಲ.

"ಮೊದಲನೇದು, ನಿಮ್ಮ ತಮ್ಮ ಅಂತ ಗೊತ್ತಾದ ಕೂಡಲೇ ನೀವು ಎದ್ದು ಬರಬೇಕಿತ್ತು."

"ತಪ್ಪಾತ್ರಿ. ಶಿಕ್ಷಾ ಕೊಡ್ರಿ. ಆದ್ರ ಅದು ಪೂಜಾದ ಬಟ್ಟಲ್ರಿ, ಮೇಡಂ. ಒಂದ್ ಗುಟುಕು."

"ನಿಯಮದಲ್ಲಿ ಮದ್ಯ ಅಂತ ಅದ ತಬಿಥಾ, ಬಟ್ಟಲು ಯಾವುದು ಅಂತ ಇಲ್ಲ. ಇವತ್ತು ನಿಮಗ ಬಿಟ್ಟರ ನಾಳೆ ಇನ್ನೊಬ್ಬ ತನ್ನ ದೇವರ ತೀರ್ಥ ಅಂತಾನ, ಮತ್ತೊಬ್ಬ ಮದುವಿ ಶಾಸ್ತ್ರ ಅಂತಾನ. ಲಿವರ್ ಇರೋದು ಒಂದು, ಕಾಯೋರು ನಲವತ್ತು ಮಂದಿ. ನಾ ಯಾರಿಗೆ ಇಲ್ಲ ಅನ್ನಲಿ?" ಅವರ ದನಿಯಲ್ಲೂ ದಣಿವಿತ್ತು, ಕೆಟ್ಟ ಹೆಂಗಸಲ್ಲ. "ಒಂದೇ ದಾರಿ. ಡಬ್ಬಿ ಹೇಳಿದ್ದು ನಡೆಯದೇ ತೊಂಬತ್ತು ದಿನ ಮುಗಿದರ ಮರುಪರೀಕ್ಷೆ ಮಾಡಬಹುದು. ಅಲ್ಲೀತನಕ ಅವರಿಗೆ ಸುಳಿವು ಸಿಕ್ಕರ ಕಡತ ಮುಚ್ಚಿದಂಗ."

ತೊಂಬತ್ತು ದಿನ. ಆಸ್ಪತ್ರೆಯ ಡಾಕ್ಟರು ಸುಗುಣಾಳಿಗೆ ಹೇಳಿದ್ದು ಮೂರು ತಿಂಗಳು, ಅದೂ ಅದೃಷ್ಟ ಚೆನ್ನಾಗಿದ್ದರೆ.

ಆಮೋಸನಿಗೆ ಹೇಳುವಂತಿಲ್ಲ. ಆದರೆ ಬಟ್ಟಲಿನೊಳಗಿನದನ್ನು ಬದಲಿಸಬಹುದಲ್ಲ? ದ್ರಾಕ್ಷಾರಸದ ಬದಲು ದ್ರಾಕ್ಷಿ ರಸವಿದ್ದರೆ ಅವನು ತೆಗೆದುಕೊಂಡರೂ ಅದು ಮದ್ಯವಲ್ಲ. ಸಭೆಯ ಕಮಿಟಿಗೆ ಅರ್ಜಿ ಬರೆದುಕೊಟ್ಟೆ.

ನಮ್ಮ ಕಮಿಟಿಯ ಬಗ್ಗೆ ಏನು ಹೇಳಲಿ! ಚರ್ಚಿನ ಬಾಗಿಲಿಗೆ ಹಸಿರು ಬಣ್ಣವೋ ನೀಲಿಯೋ ಎಂದು ಎರಡು ವರ್ಷ ಚರ್ಚೆ ಮಾಡಿದವರು. ನನ್ನ ಅರ್ಜಿ ಓದಿದ ಕೂಡಲೇ ಅರ್ಧ ಜನ ಕರ್ತನು ಕೊಟ್ಟದ್ದು ದ್ರಾಕ್ಷಾರಸ ಎಂದರು, ಇನ್ನರ್ಧ ಜನ ಸಕ್ಕರೆ ಕಾಯಿಲೆಯವರಿಗೆ ದ್ರಾಕ್ಷಿ ರಸವೂ ಬೇಡ ಎಂದರು. ಇದನ್ನು ಪರಿಶೀಲಿಸಲು ಉಪಸಮಿತಿ ಮಾಡೋಣ ಎಂದು ಖಜಾಂಚಿಯೊಬ್ಬರು ಸೂಚಿಸಿದರು. ನನಗೆ ಮೇಜು ಗುದ್ದಬೇಕೆನ್ನಿಸಿತು.

ರೂತವ್ವ ಎದ್ದು ನಿಂತಳು. ಎಂಬತ್ತು ದಾಟಿದ ಜೀವ, ಕೋಲಿಲ್ಲದೆ ನಡೆಯುತ್ತಾಳೆ.

"ಐವತ್ತು ವರ್ಸ ಆತು ನನ್ನ ಕೈಯಿಂದ ಮಾಡಾಕತ್ತು. ಇವತ್ತ ಯಾಕ ಬ್ಯಾಡಾತು? ಕಾರಣಾ ಹೇಳವಾ ತಬಿಥಾ. ನಿನ್ನ ತಮ್ಮನ ಸಲುವಾಗಿ ಏನು? ಹೌದಂದ್ರ ಹೇಳಿಬಿಡು, ಇವತ್ತ ಭರಣಿ ಗಟಾರಕ್ಕ ಸುರೀತೇನಿ. ಅವನ ಜೀವಕ್ಕಿಂತ ನನ್ನ ಭರಣಿ ದೊಡ್ಡದಲ್ಲ."

ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಹೌದು ಎನ್ನುವ ಒಂದು ಮಾತು. ಹೌದು ಎಂದರೆ ಸಂಜೆಯೊಳಗೆ ಕಂಪೌಂಡಿಗೆಲ್ಲ ಗೊತ್ತು, ರಾತ್ರಿ ಊಟದೊಳಗೆ ಆಮೋಸನಿಗೆ ಗೊತ್ತು, ಕಡತ ಮುಚ್ಚಿತು.

"ಅಲ್ಲಬೇ," ಎಂದೆ. "ಸುಮ್ಮ ಕೇಳಿದ್ನಿ."

"ಹಂಗಾರ ಇದ್ದದ್ದು ಇರಲಿ," ಎಂದು ರೂತವ್ವ ಕೂತಳು. ಉಪಸಮಿತಿ ಆಯಿತು. ಅದರ ಮೊದಲ ಸಭೆ ಈಸ್ಟರ್ ಮುಗಿದ ಮೇಲೆ ಎಂದು ಗೊತ್ತಾಯಿತು.

*

ಈಸ್ಟರ್ ಬೆಳಿಗ್ಗೆ ಚರ್ಚು ತುಂಬಿತ್ತು. ಆಮೋಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅದು ಅವನ ಹೆಗಲಿಗೆ ಜೋತು ಬಿದ್ದಿತ್ತು, ಹೊಟ್ಟೆಯ ಹತ್ತಿರ ಬಿಗಿದಿತ್ತು. ಹೊಸ ಹಾಡಿನಲ್ಲಿ ಟೆನರಿನವರು ಎಂಟು ಎಣಿಕೆ ಬಾಯಿ ಮುಚ್ಚಿದಾಗ ನಾನು ಎದುರು ಸಾಲಿನಲ್ಲಿ ಕೂತು ಎಣಿಸುತ್ತಿದ್ದೆ.

ಒಂಬತ್ತು ಐವತ್ತಕ್ಕೆ ಭೋಜನ ಶುರುವಾಯಿತು. ಹೆಸರು ಕೊಟ್ಟವರು ಸಾಲಾಗಿ ಎದ್ದರು. ಆಮೋಸ ಎದ್ದ. ಸುಗುಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಾಲ್ಕು ವರ್ಷದ ಮೇಲೆ ಗಂಡ ಎದ್ದನೆಂಬ ಸಂತೋಷಕ್ಕೆ. ನಾನು ಮನಸ್ಸಿನಲ್ಲಿ ಕಿರುಚುತ್ತಿದ್ದೆ: ಕೂತ್ಕೋ, ದೇವರಾಣೆಗೂ ಕೂತ್ಕೋ. ಎಂಥ ಪ್ರಾರ್ಥನೆ ಅದು! ತಮ್ಮ ಕರ್ತನ ಹತ್ತಿರ ಹೋಗದಿರಲಿ ಎಂದು ಅಕ್ಕ ಬೇಡಿಕೊಳ್ಳುವುದು!

ಅವನು ಮೊಣಕಾಲೂರಿದ. ರೊಟ್ಟಿ ಕೊಟ್ಟರು, ತೆಗೆದುಕೊಂಡ. ಬಟ್ಟಲು ಪಕ್ಕದವರಿಂದ ಸರಿದು ಅವನ ಮುಂದೆ ಬಂತು. ಅಯ್ಯನವರು ಬಟ್ಟಲನ್ನು ಬಾಗಿಸಿದರು. ಅವನ ಎರಡೂ ಕೈ ಮೇಲೆದ್ದವು, ಬಟ್ಟಲನ್ನು ಹಿಡಿದವು. ನನಗೆ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಅವನು ಬಟ್ಟಲನ್ನು ಹಣೆಗೆ ಒತ್ತಿಕೊಂಡ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಹಿಂದಿನವರು ಕೆಮ್ಮಿದರು. ಆಮೇಲೆ ತುಟಿಗೆ ತಾಗಿಸದೆ ಹಿಂದಕ್ಕೆ ಕೊಟ್ಟ.

ಹೊರಗೆ ಬಂದ ಮೇಲೆ ಅವನ ತೋಳು ಹಿಡಿದೆ. "ಯಾಕ ತಗೊಳ್ಳಿಲ್ಲ?"

"ತಗೋಬೇಕಂತನ ಬಂದಿದ್ನಿ ತಬೂ. ಹೆಸರು ಕೊಟ್ಟಾಗಿಂದ ಅದೊಂದ ಧ್ಯಾನ." ಅವನಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ನಗುತ್ತಿದ್ದ. "ಕೈಯಾಗ ಹಿಡದಮ್ಯಾಲೆ ವಾಸನಿ ಬಂತು. ಡಾಕ್ಟರಿಗೆ ಒಂದ್ ಹನಿನೂ ಮುಟ್ಟಂಗಿಲ್ಲ ಅಂತ ಮಾತು ಕೊಟ್ಟೇನಿ, ಲಿಸ್ಟಿನ್ಯಾಗ ಹೆಸರೈತಿ. ಯಾರದೋ ಮನ್ಯಾಗ ಯಾರೋ ಸತ್ತು ನನಗ ಲಿವರ್ ಕೊಡಾವ್ರದಾರ, ಅವರಿಗೆ ಮೋಸ ಮಾಡಿದಂಗ ಆಗಬಾರ್ದು. ಕರ್ತಗ ಹೇಳಿದ್ನಿ, ಒಂದ್ ವರ್ಸ ತಡಕೋ ಮಾರಾಯಾ, ಮುಂದಿನ ಈಸ್ಟರಿಗೆ ನಿನ್ನ ಬಟ್ಟಲಾ ಪೂರಾ ಕುಡೀತೇನಿ ಅಂತ."

ಲಿಸ್ಟಿನಲ್ಲಿ ಅವನ ಹೆಸರಿರಲಿಲ್ಲ. ಬಟ್ಟಲು ತೆಗೆದುಕೊಳ್ಳುತ್ತಾನೆಂದು ಹೆಸರು ಹೊಡೆದುಹಾಕಿ ನಲವತ್ತು ದಿನವಾಗಿತ್ತು. ಇಲ್ಲದ ಆ ಹೆಸರಿಗೋಸ್ಕರ ಅವನು ಬಟ್ಟಲು ಬಿಟ್ಟಿದ್ದ.

*

ಮರುದಿನವೇ ಪಡಸಲಗಿಯವರ ಮುಂದೆ ನಿಂತೆ. "ಮುಟ್ಟಲಿಲ್ರಿ. ಮುನ್ನೂರು ಮಂದಿ ನೋಡ್ಯಾರ."

ಅವರು ಪರದೆಯ ಮೇಲೆ 4417ರ ಕಡತ ತೆರೆದರು. ಖುಷಿಯಾಗಿತ್ತು ಅವರಿಗೂ, ಸುಳ್ಳು ಯಾಕೆ ಹೇಳಲಿ. ಆದರೆ ಹೇಳಿದ್ದು ಇಷ್ಟು: "ಇನ್ನೂ ನಲವತ್ತೆಂಟು ದಿನ ಅದ. ಅವಧಿ ಮುಗೀಲಿ."

ಎಪ್ಪತ್ತನೆಯ ದಿನ ಆಮೋಸನನ್ನು ಆಸ್ಪತ್ರೆಗೆ ಸೇರಿಸಿದರು. ಎಂಬತ್ತೆರಡನೆಯ ದಿನ ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದೆ. ಸುಗುಣಾ ಔಷಧ ತರಲು ಹೋಗಿದ್ದಳು. ಅವನು ಕಣ್ಣು ಬಿಟ್ಟ.

"ತಬೂ, ಈಗಾದ್ರೂ ಹೇಳ. ಲಿಸ್ಟಿನ್ಯಾಗ ನನ್ನ ಹೆಸರು ಎಷ್ಟನೇದೈತಿ?"

ಎಂಟೇ ದಿನ ಉಳಿದಿತ್ತು. ಎಂಟು ದಿನ ತಳ್ಳಿದರೆ ಮರುಪರೀಕ್ಷೆ ಎಂದು ನಾನಿನ್ನೂ ನಂಬಿದ್ದೆ, ಹುಚ್ಚಿ. "ನನಗೇನ್ ಗೊತ್ತಾಗಬೇಕು? ಅಲ್ಲಿ ಬರೇ ನಂಬರ್ ಇರತಾವ," ಎಂದೆ. ಮಾನಿಟರು ಪೀಂ ಪೀಂ ಎಂದು ಕೂಗುತ್ತಿತ್ತು. ಅಯ್ಯನವರಿಗೆ ಒಂದು ಸುಳ್ಳು, ರೂತವ್ವನಿಗೆ ಒಂದು, ಇದು ಮೂರನೆಯದು. ಪೇತ್ರ ಹೊರಗೆ ಹೋಗಿ ಅತ್ತನಂತೆ. ನನಗೆ ಹೊರಗೆ ಹೋಗಲೂ ಆಗಲಿಲ್ಲ, ಅವನು ನನ್ನ ಕೈ ಹಿಡಿದಿದ್ದ.

ಎಂಬತ್ತನಾಲ್ಕನೆಯ ದಿನ, ಸೋಮವಾರ ಬೆಳಿಗ್ಗೆ, ಆಮೋಸ ತೀರಿಕೊಂಡ.

ಮಣ್ಣು ಕೊಟ್ಟು ಬರುವಾಗ ಅಯ್ಯನವರು ನನ್ನ ಜೊತೆ ನಡೆದರು. "ಅವತ್ತ ನೀ ಕೇಳಿದ್ದಕ್ಕ ನಾ ಸರಿಯಾಗಿ ಉತ್ತರಾ ಕೊಡಲಿಲ್ಲ ತಬಿಥಾ. ಪೇತ್ರ ಅರಿಯೆ ಅಂತಾನಂತ ಕರ್ತಗ ಗೊತ್ತಿತ್ತು, ಯೂದ ಹಿಡದುಕೊಡ್ತಾನಂತನೂ ಗೊತ್ತಿತ್ತು. ಎಲ್ಲಾ ಗೊತ್ತಿದ್ದೂ ಅವತ್ತ ರಾತ್ರಿ ಇಬ್ಬರ ಕಾಲೂ ತೊಳದ, ಇಬ್ಬರಿಗೂ ಬಟ್ಟಲಾ ಕೊಟ್ಟ. ಯಾರನ್ನೂ ಎಬ್ಬಿಸಿ ಕಳಿಸಲಿಲ್ಲ. ನನಗ ತಿಳದದ್ದು ಇಷ್ಟ."

"ಇದನ್ನ ನನಗ ಹೇಳಿ ಏನ್ ಮಾಡೂದೈತ್ರಿ ಈಗ?" ಎಂದೆ. ರಸ್ತೆಯಲ್ಲೇ ದನಿ ಏರಿತು. "ಲಿಸ್ಟ್ ಮಾಡಾವರಿಗೆ ಹೋಗಿ ಹೇಳ್ರಿ!" ಅವರು ತಲೆ ತಗ್ಗಿಸಿದರು. ಅವರಿಗೇನು ಗೊತ್ತು, ನಾನು ಯಾವ ಲಿಸ್ಟಿನ ಮಾತಾಡುತ್ತಿದ್ದೇನೆಂದು. ಅವರ ಮೇಲೆ ಕೂಗಾಡಿದ್ದು ಅನ್ಯಾಯ, ಆದರೆ ನನಗೆ ಬೇರೆ ಯಾರೂ ಸಿಗಲಿಲ್ಲ.

*

ಕೆಲಸಕ್ಕೆ ಮರಳಿದ ದಿನ 4417ರ ಕಡತ ತೆರೆದೆ. ಕೊನೆಯ ಸಾಲು: 'ಅವಧಿ ಪೂರ್ಣಗೊಂಡಿಲ್ಲ. ಮೌಲ್ಯಮಾಪನಕ್ಕೆ ಪರಿಗಣಿಸಿಲ್ಲ.'

ಅಂದರೆ ಡಬ್ಬಿ ತಪ್ಪಿದ್ದು ತಪ್ಪೇ ಅಲ್ಲ. ಆಮೋಸ ಆರು ದಿನ ಮೊದಲೇ ಸತ್ತದ್ದರಿಂದ ಅವನು ಬಟ್ಟಲು ಬಿಟ್ಟದ್ದು ಎಲ್ಲೂ ಬರೆಯಲ್ಪಡಲಿಲ್ಲ. ತೊಂಬತ್ತೆಂಟು ಇನ್ನೂ ತೊಂಬತ್ತೆಂಟೇ. ಹೀಗೆ ಅವಧಿಗೆ ಮೊದಲೇ ಸತ್ತವರು ಎಷ್ಟು ಜನ, ಅವರಲ್ಲಿ ಎಷ್ಟು ಜನ ಬಟ್ಟಲನ್ನು ಹಿಂದಕ್ಕೆ ಕೊಟ್ಟರು ಎಂದು ಹುಡುಕಿದೆ. ಆ ಲೆಕ್ಕ ಇಡುವುದಿಲ್ಲವಂತೆ.

ಅದೇ ವಾರ ನನ್ನ ಸರದಿ ಬಂತು. ಟೋಪಿ ಹಾಕಿಕೊಂಡು ಆರು ಗಂಟೆ ಕೂತೆ. ಹಾಡಲಿಲ್ಲ, ಏನನ್ನೂ ಮಾಡಲಿಲ್ಲ, ಸುಮ್ಮನೆ ಗೋಡೆ ನೋಡಿದೆ. ಸಂಜೆ ಪಡಸಲಗಿಯವರು ಲಕೋಟೆಗೆ ಅಂಟು ಹಚ್ಚುತ್ತ, "ನೌಕರಿ ಮುಂದುವರೀತದ," ಎಂದರು. ಎಂದರೆ ಉತ್ತರ ಅದೇ: ಹೇಳುವುದಿಲ್ಲ. ಮನೆಗೆ ಬಂದು ಬೇವಿನ ಮರದ ಕೆಳಗೆ ಕೂತು ನನಗೆ ನಾನೇ ಉಗಿದುಕೊಂಡೆ. ಕುಡುಕ ಎಂದು ಊರೆಲ್ಲ ಆಡಿಕೊಂಡ ಆಮೋಸನ ವಿಷಯದಲ್ಲಿ ಡಬ್ಬಿ ತಪ್ಪಿತು. ಮರ್ಯಾದಸ್ಥಳಾದ, ಒಂದು ದಿನವೂ ಆರಾಧನೆ ತಪ್ಪಿಸದ ನನ್ನ ವಿಷಯದಲ್ಲಿ ಒಂಬತ್ತು ವರ್ಷ ಒಂದು ಸಲವೂ ತಪ್ಪಲಿಲ್ಲ.

ಅದಕ್ಕೇ ಇದನ್ನು ಬರೆದೆ, ಅವನ ಹೆಸರು, ನಂಬರು, ದಿನ, ಗಂಟೆ ಸಮೇತ. ಧೈರ್ಯ ಬರಲು ಎಪ್ಪತ್ತೊಂಬತ್ತು ದಿನ ಹಿಡಿಯಿತು. ನಾಳೆ ಆರಾಧನೆಯಲ್ಲಿ ಪ್ರಕಟಣೆಗಳ ಹೊತ್ತಿಗೆ ಎದ್ದು ನಿಂತು ಓದುತ್ತೇನೆ. ಸುಗುಣಾ ಕೇಳುತ್ತಾಳೆ, ರೂತವ್ವ ಕೇಳುತ್ತಾಳೆ. ನನ್ನನ್ನು ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು. ಸೋಮವಾರ ಒಂದು ಪ್ರತಿ ಪಡಸಲಗಿಯವರ ಮೇಜಿನ ಮೇಲಿರುತ್ತದೆ. ಇದೂ ಮೊದಲೇ ಎಲ್ಲೋ ಬರೆದಿತ್ತು ಎಂದು ಅಯ್ಯನವರು ಅನ್ನಬಹುದು. ಇರಲಿ. ಲಕೋಟೆಯಲ್ಲಂತೂ ಬರೆದಿಲ್ಲ.

ಮೊದಲೇ ರಾಜೀನಾಮೆ ಕೊಟ್ಟು ಹೇಳು ಎಂದು ಯಾರಾದರೂ ಬುದ್ಧಿ ಹೇಳಬಹುದು. ಕೊಡುವುದಿಲ್ಲ. ಸೇವೆಯಲ್ಲಿ ಇಲ್ಲದವಳ ಮಾತು ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವಿದೆ, ಓದಿ ನೋಡಿದ್ದೇನೆ. ಹೇಳಿದ ಮೇಲೆ ಬೇಕಾದರೆ ಅವರೇ ತೆಗೆದುಹಾಕಲಿ. ನನ್ನ ಅವಧಿ ಮುಗಿಯಲು ಇನ್ನು ಹನ್ನೊಂದು ದಿನ ಇದೆ. ಅಲ್ಲಿಯತನಕ ನಾನು ಸಾಯದೆ ಇದ್ದರೆ ಸಾಕು, ಇದನ್ನು ಅವರು ಡಬ್ಬಿಯ ತಪ್ಪು ಎಂದು ಎಣಿಸಲೇಬೇಕು.